ಗೆಣ್ಣಿನಿಂದ ತಟ್ಟುತ್ತಿದ್ದವಳು

ಈ ಜನವರಿಗೆ ಹೊಸನಗರದ ನಮ್ಮ ಡಿಟಿಪಿ ಅಂಗಡಿಗೆ ಇಪ್ಪತ್ತು ವರ್ಷ ತುಂಬಿತೆಂದು ಮಾಲೀಕರು ಹದಿನಾರು ಪುಟದ ಒಂದು ಪುಸ್ತಿಕೆ ಅಚ್ಚು ಹಾಕಿಸಿದರು. ಅದರ ಒಂಬತ್ತನೇ ಪುಟದಲ್ಲಿ ಅಕ್ಕನ ಫೋಟೊ ಇದೆ. ಫೋಟೊದ ಕೆಳಗೆ ಒಂದು ಸಾಲು: 'ಹದಿನಾರು ವರ್ಷ ಸೇವೆ ಸಲ್ಲಿಸಿ, ಆರೋಗ್ಯದ ಕಾರಣ ಸ್ವಇಚ್ಛೆಯಿಂದ ನಿವೃತ್ತರಾದರು.' ಈ ಸಾಲಿನಲ್ಲಿ ನಿಜವಾಗಿರುವುದು ಹದಿನಾರು ವರ್ಷ ಎಂಬುದೊಂದೇ. ಉಳಿದದ್ದು ಸುಳ್ಳು. ಆ ಸುಳ್ಳನ್ನು ಕಂಪೋಸ್ ಮಾಡಿದವಳು ನಾನು. ಒಂದೂ ಕಾಗುಣಿತ ತಪ್ಪಿಲ್ಲದೆ ಮಾಡಿದೆ.

ನಾನು ಒಂಬತ್ತನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಯಾವ ವಾರ, ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಬರೆದಿಡುವುದು ನನ್ನ ಅಭ್ಯಾಸ. ಅದರಲ್ಲಿ ಇರುವುದನ್ನೇ ಇಲ್ಲಿ ಹೇಳುತ್ತೇನೆ. ಅಕ್ಕನ ಹೆಸರು ಬರೆಯುವುದಿಲ್ಲ. ಆ ಸಾಲಿನ ಜೊತೆ ಅದು ಒಂದು ಸಲ ಅಚ್ಚಾಗಿದೆ, ಸಾಕು.

ನಮ್ಮ ಮನೆ ಸಾಗರದ ಪೇಟೆಯಲ್ಲಿ. ಅಪ್ಪ ಟೈಲರ್. ಡಿಗ್ರಿ ಮುಗಿದ ವರ್ಷ ಜೂನ್ ತಿಂಗಳ ಒಂದು ಸೋಮವಾರ ಆ ಅಂಗಡಿಗೆ ಸೇರಿದೆ. ಅಲ್ಲಿ ಎರಡು ಕಂಪ್ಯೂಟರ್. ಕಿಟಕಿ ಪಕ್ಕದ್ದು ಅಕ್ಕನದು, ಜೆರಾಕ್ಸ್ ಮೆಶೀನಿನ ಬಿಸಿ ತಾಗುವಲ್ಲಿ ಇದ್ದದ್ದು ನನ್ನದು. ಮೊದಲ ದಿನ ಅವಳನ್ನು ಮೇಡಂ ಎಂದೆ. ಅವಳು ತಿರುಗಿ ಕೂಡ ನೋಡಲಿಲ್ಲ.

"ಮೇಡಂ ಗೀಡಂ ಬೇಡ ಮಾರಾಯ್ತಿ. ಅಕ್ಕ ಅನ್ನು. ಬಹುವಚನನೂ ಬೇಡ. ಬಹುವಚನ ಹಾಕಿದೋರಿಗೆ ಬೈಯಕ್ಕೆ ನಂಗೆ ಬರಲ್ಲ."

ಬೈಯುವುದಕ್ಕೆ ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು. ಮೊದಲ ಆರು ತಿಂಗಳು ಒಂದು ಶಾರ್ಟ್‌ಕಟ್ ಕೀಯನ್ನೂ ಹೇಳಿಕೊಡಲಿಲ್ಲ. ಪುಟದ ಅಂಚನ್ನು ಅವಳು ಒಂದು ಕ್ಷಣದಲ್ಲಿ ಸರಿಮಾಡುತ್ತಿದ್ದಳು, ನಾನು ಮೌಸ್ ಎಳೆದು ಎಳೆದು ಐದು ನಿಮಿಷ ಒದ್ದಾಡುತ್ತಿದ್ದೆ. ಹೇಗೆ ಮಾಡಿದೆ ಅಕ್ಕಾ ಎಂದು ಕೇಳಿದರೆ, ನೋಡ್ಕಂಡು ಕಲಿ, ನಂಗೆ ಯಾರು ಹೇಳಿಕೊಟ್ಟಿದ್ರು ಎನ್ನುತ್ತಿದ್ದಳು. ಆ ಕುರ್ಚಿಗೆ ನಾನು ಬಂದುಬಿಡುತ್ತೇನೆಂಬ ಅನುಮಾನ ಅವಳಿಗೆ ಮೊದಲ ದಿನದಿಂದಲೂ ಇತ್ತು. ಅದಕ್ಕಾಗಿ ಆಗ ನನಗೆ ಬೇಜಾರಾಗುತ್ತಿತ್ತು. ಅವಳ ಅನುಮಾನ ಸರಿಯಾಗಿತ್ತು.

ನಾನು ನೋಟ್‌ಬುಕ್ ತೆಗೆದು ಬರೆಯುವುದನ್ನು ನೋಡಿ ನನಗೆ ಶಾನುಭೋಗ್ತಿ ಎಂದು ಹೆಸರಿಟ್ಟಳು. ಪರದೆಯ ಮೇಲಿನ ಬಾಣವನ್ನು ಅವಳು ನೊಣ ಎನ್ನುತ್ತಿದ್ದಳು. ನೊಣ ಎಲ್ಲಿ ಹೋಯ್ತು, ನೊಣ ಅಲ್ಲೇ ಕೂತಿದೆ, ಈ ನೊಣಕ್ಕೆ ಇವತ್ತು ಎಂತದೋ ಆಗಿದೆ. ಗಿರಾಕಿಗಳು ಪಕ್ಕದ ಸ್ಟೂಲಿನಲ್ಲಿ ಕೂತು ಪರದೆಗೆ ಬೆರಳು ಒತ್ತಿ ಇದು ದಪ್ಪ ಮಾಡಿ, ಅದು ಕೆಂಪು ಮಾಡಿ ಎನ್ನುತ್ತಿದ್ದರು. ಅವರಿಗಾಗಿ ಒಂದು ಹಿಡಿಕಡ್ಡಿ ಇಟ್ಟಿದ್ದಳು. ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರು ಕಡ್ಡಿ ಮುಟ್ಟದೆ ಬೆರಳನ್ನೇ ಚಾಚಿದಾಗ, ಅಲ್ಲಿ ಒರೆಸುವ ಬಟ್ಟೆ ಇದೆ, ಒರೆಸಿ ಆಮೇಲೆ ಹೇಳಿ ಎಂದಳು. ಅವರು ಒರೆಸಿದರು. ಮಾಲೀಕರು ಅವರಿಗೆ ಟೀ ತರಿಸಿ ಸಮಾಧಾನ ಮಾಡಬೇಕಾಯಿತು.

ಒಂದು ಮದುವೆ ಕಾಗದದ ಕತೆ ಹೇಳುತ್ತೇನೆ. ಹುಡುಗಿಯ ತಂದೆ ತಂದ ಬರಹದಲ್ಲಿ ಅವರ ಅಣ್ಣನ ಹೆಸರು ಇರಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಜಗಳವಾಗಿದೆ ಎಂದು ಅಕ್ಕನಿಗೆ ಗೊತ್ತಿತ್ತು, ಅವರ ಊರು ಅವಳ ಊರಿಗೆ ಎರಡು ಸ್ಟಾಪ್ ಆಚೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅಣ್ಣನ ಹೆಸರನ್ನೇ ಮೊದಲು ಟೈಪ್ ಹೊಡೆದಳು. ಅವರು ಸಿಟ್ಟಾದರು. ಅಕ್ಕ ವಾದಿಸಲಿಲ್ಲ. ಹೆಸರನ್ನು ಸೆಲೆಕ್ಟ್ ಮಾಡಿ, ಮೌಸನ್ನು ಅವರ ಕಡೆ ತಳ್ಳಿ, ಡಿಲೀಟ್ ಕೀ ತೋರಿಸಿದಳು.

"ತೆಗೀಬೇಕು ಅಂದ್ರೆ ನೀವೇ ಒತ್ತಿ. ನಾನು ಒತ್ತಲ್ಲ."

ಅವರು ಹತ್ತು ನಿಮಿಷ ಕೂತಿದ್ದರು. ಒತ್ತಲಿಲ್ಲ. ಕಾಗದ ಆ ಹೆಸರಿನ ಜೊತೆಯೇ ಅಚ್ಚಾಯಿತು. ಅಣ್ಣ ಮದುವೆಗೆ ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ.

ವೈಕುಂಠ ಸಮಾರಾಧನೆಯ ಕಾಗದಕ್ಕೆ ಬಂದವರು ಹೊರಡುವಾಗ ಮಾಲೀಕರು ಎಲ್ಲರಿಗೂ ಹೇಳುವ ಹಾಗೆ ಮತ್ತೆ ಬನ್ನಿ ಎನ್ನುತ್ತಿದ್ದರು. ಅಕ್ಕ ಒಂದು ಸಲವೂ ಅನ್ನಲಿಲ್ಲ. ಎದ್ದು ಬಾಗಿಲ ತನಕ ಹೋಗಿ ನಿಲ್ಲುತ್ತಿದ್ದಳು, ಅಷ್ಟೇ.

ಕಳೆದ ವರ್ಷ ಆಗಸ್ಟ್ ಹೊತ್ತಿಗೆ ಅವಳ ಬಲಗೈ ಕೆಟ್ಟಿತು. ಹೆಬ್ಬೆರಳಿಂದ ನಡುಬೆರಳಿನವರೆಗೆ ಜೋಮು, ಮಣಿಕಟ್ಟಿನಲ್ಲಿ ಸೆಳೆತ. ಕೆಲಸದ ಮಧ್ಯೆ ಕೈ ಕೊಡವುವುದನ್ನು ನಾನು ಎಣಿಸಿದ್ದೇನೆ. ಆಗಸ್ಟ್ ಕೊನೆಯ ವಾರ ಗಂಟೆಗೆ ನಾಲ್ಕು ಸಲ, ಸೆಪ್ಟೆಂಬರ್ ಮಧ್ಯದಲ್ಲಿ ಹನ್ನೊಂದು ಸಲ. ತೀರ್ಥಹಳ್ಳಿಯ ಡಾಕ್ಟರೊಬ್ಬರು ನೋಡಿ, ಮಣಿಕಟ್ಟಿನ ನರ ಒತ್ತಿಹೋಗಿದೆ, ಮೌಸ್ ಹಿಡಿಯುವುದು ಬಿಡಬೇಕು ಎಂದರು. ಬಿಟ್ಟು ಎಂತ ಹಿಡೀಲಿ ಎಂದು ಇವಳು ಕೇಳಿದಳಂತೆ. ಅದಕ್ಕೆ ಅವರು ಒಂದು ಮುಲಾಮು ಬರೆದುಕೊಟ್ಟರು.

ಮೌಸನ್ನು ಎಡಗೈಗೆ ಹಾಕಿಕೊಂಡು ನೋಡಿದಳು. ಹದಿನೇಳು ದಿನ. ಹದಿನೆಂಟನೇ ದಿನ ಎಡಗೈಯೂ ಜೋಮು ಹಿಡಿಯಿತು.

ಮಾಲೀಕರು ಮೌಸನ್ನು ಅಂಗೈಯಲ್ಲಿ ತೂಗಿ, ಇದೇನು ಭಾರ ಇದೆಯಮ್ಮ, ಒಂದು ನಿಂಬೆಹಣ್ಣಿನಷ್ಟೂ ಇಲ್ಲ ಎಂದರು. ಇನ್ನೊಂದು ದಿನ ಎಲ್ಲರೆದುರು, ಊರಲ್ಲಿ ಅಡಿಕೆ ಸುಲಿಯುವುದಕ್ಕೆ ಬರುವ ಕೈ ಇಲ್ಲಿಗೆ ಬಂದ ಕೂಡಲೇ ನೋಯುತ್ತದಲ್ಲ ಎಂದು ನಕ್ಕರು. ಅವರ ನಗುವನ್ನು ನೆನೆದರೆ ಈಗಲೂ ನನ್ನ ಕಿವಿ ಕಾಯುತ್ತದೆ. ಅಕ್ಕ ಅವರಿಗೆ ಉತ್ತರ ಕೊಟ್ಟಳು, ಸಮಾಧಾನದಲ್ಲೇ.

"ಸುಲಿಯೋವಾಗ ಇಡೀ ತೋಳು ಆಡ್ತದೆ. ಇಲ್ಲಿ ಕೈ ಹೆಣದಂಗೆ ಬಿದ್ಕಂಡಿರ್ತದೆ, ಒಂದು ಬೆರಳು ಮಾತ್ರ ಕುಣೀಬೇಕು. ನೀವು ಎಂಟು ಗಂಟೆ ಹಂಗೆ ಕೂತು ನೋಡಿ."

ಆ ರಾತ್ರಿಯ ದಿನಚರಿಯಲ್ಲಿ ನಾನು 'ಟಚ್‌ಪ್ಯಾಡ್' ಎಂದು ಬರೆದು ಎರಡು ಗೆರೆ ಎಳೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಬೆರಳಾಡಿಸುವ ಆ ಚೌಕ ಬೇರೆಯಾಗಿಯೂ ಸಿಗುತ್ತದೆ, ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಮೌಸಿನ ಬದಲು ಜೋಡಿಸಬಹುದು. ಹಿಡಿಯಬೇಕಿಲ್ಲ, ಒತ್ತಬೇಕಿಲ್ಲ, ಮಣಿಕಟ್ಟು ಮಡಚಬೇಕಿಲ್ಲ. ಅಕ್ಕನಿಗೆ ಹೇಳಿದೆ. ನೋಡು ನಿನ್ನ ಶಾನುಭೋಗಿಕೆ ಎಂದಳು. ಬೇಡ ಎನ್ನಲಿಲ್ಲ.

ಅಕ್ಟೋಬರಿನಲ್ಲಿ ಮೂರು ಒಟ್ಟುಮಾಡಿದೆ. ಸಾಗರದ ರಿಪೇರಿ ಅಂಗಡಿಯವನು ಒಂದು ದೊಡ್ಡ ಗಾಜಿನ ಪ್ಯಾಡನ್ನು ಎರವಲು ಕೊಟ್ಟ. ಯಾವುದೋ ದುಬಾರಿ ಕಂಪನಿ ತನ್ನದೇ ಕಂಪ್ಯೂಟರಿಗೆಂದು ಮಾಡಿದ್ದು, ಎರಡು ಅಂಗೈ ಅಗಲ. ತೀರ್ಥಹಳ್ಳಿಯಲ್ಲಿ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ಗೆಳತಿಯೊಬ್ಬಳು ಮೂಲೆಗೆ ಹಾಕಿದ್ದ ಪ್ಲಾಸ್ಟಿಕ್ ಪ್ಯಾಡ್ ತಂದುಕೊಟ್ಟಳು. ಇಸ್ಪೀಟಿನ ಎರಡು ಎಲೆಯಷ್ಟು ದೊಡ್ಡದು, ಸುತ್ತ ಎತ್ತರದ ಅಂಚು, ಕೆಳಗೆ ಎರಡು ಗುಂಡಿ, ಉದ್ದದ ವೈರು. ಮೂರನೆಯದು ಆನ್‌ಲೈನಿನಲ್ಲಿ ತರಿಸಿದ್ದು, ಬಲಬದಿಯಲ್ಲಿ ಪುಟ್ಟ ಪ್ಯಾಡ್ ಇರುವ ವೈರಿಲ್ಲದ ಕೀಬೋರ್ಡ್.

ಪರೀಕ್ಷೆಗೆ ಐದು ಕೆಲಸ ಇಟ್ಟುಕೊಂಡೆ: ಸಾಲಿನ ನಡುವಿನ ಒಂದು ಪದ ಆರಿಸುವುದು, ಒಂದು ಪ್ಯಾರಾ ಎಳೆದು ಬೇರೆ ಕಡೆ ಬಿಡುವುದು, ಚೌಕಟ್ಟಿನ ಮೂಲೆ ಹಿಡಿದು ಹಿಗ್ಗಿಸುವುದು, ಚಿಕ್ಕ ಗುರುತಿನ ಮೇಲೆ ಒತ್ತುವುದು, ಫೋಟೊ ಕತ್ತರಿಸುವುದು. ಒಂದೊಂದನ್ನು ಹತ್ತು ಸಲ. ಊಟದ ಹೊತ್ತಿನಲ್ಲಿ ಎರಡು ವಾರ ಮಾಡಿದೆ.

ಗಾಜಿನದು ಐವತ್ತಕ್ಕೆ ನಲವತ್ತಾರು ಸರಿ. ಬೆರಳು ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ನಮ್ಮ ಕಂಪ್ಯೂಟರಿನ ಜೊತೆ ಹೊಂದಿಸಲು ಬೇರೆ ಪ್ರೋಗ್ರಾಂ ಹಾಕಬೇಕಾಯಿತು, ಬ್ಯಾಟರಿ ಮುಗಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೂ ಅದೇ ಮೊದಲು. ಕೀಬೋರ್ಡಿನದು ನಲವತ್ತು. ಟೈಪ್ ಮಾಡುವಾಗ ಅಂಗೈ ತಾಗಿದರೆ ಬಾಣ ಹಾರಿ ಬೇರೆ ಸಾಲಿಗೆ ಹೋಗುತ್ತಿತ್ತು. ಒಂದು ಸಲ ಮದುಮಗನ ಹೆಸರು ಹುಡುಗಿಯ ತಾಯಿಯ ಹೆಸರಿನ ಮಧ್ಯೆ ಸೇರಿತು. ಪ್ಲಾಸ್ಟಿಕಿನದು ಮೂವತ್ತೆಂಟು. ಮೇಲ್ಮೈ ತರಿತರಿ, ಜಾಗ ಸಾಲದು, ಒಂದು ಪ್ಯಾರಾ ಎಳೆಯಲು ಮೂರು ಸಲ ಬೆರಳೆತ್ತಿ ಇಡಬೇಕು. ಕೊನೆಯ ಸ್ಥಾನ. ಇಷ್ಟನ್ನೂ ಚಂದದ ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿದೆ. ಪರೀಕ್ಷೆ ಮುಗಿಯಿತು, ಗಾಜಿನದನ್ನೇ ಕೊಳ್ಳಬೇಕು ಎಂದು ತೀರ್ಮಾನ ಬರೆದೆ. ಎರಡು ವಾರದಲ್ಲಿ ಒಂದು ಸಲವೂ ಅಕ್ಕನ ಕೈಗೆ ಅದನ್ನು ಕೊಟ್ಟಿರಲಿಲ್ಲ. ಎಲ್ಲ ಸಿದ್ಧ ಮಾಡಿಯೇ ಕೊಡಬೇಕೆಂಬ ಹಟ ನನಗೆ.

ನವೆಂಬರ್ ಮೊದಲ ಸೋಮವಾರ ಗಾಜಿನ ಪ್ಯಾಡನ್ನು ಅವಳ ಮುಂದೆ ಇಟ್ಟೆ. ಅವಳು ತೋರುಬೆರಳು ಇಟ್ಟಳು. ಬಾಣ ಅಲುಗಲಿಲ್ಲ. ಒರೆಸಿ ಇಟ್ಟಳು. ಅಲುಗಲಿಲ್ಲ. ನಾನು ಇಟ್ಟೆ, ಓಡಿತು. ಅವಳು ಇಟ್ಟಳು, ನಿಂತಿತು. ಮೂರು ಪ್ಯಾಡಿನಲ್ಲೂ ಹೀಗೇ.

ಆಗ ನಾನು ಅವಳ ಬೆರಳುಗಳನ್ನು ನೋಡಿದೆ. ಎರಡು ವರ್ಷದಿಂದ ಪಕ್ಕದಲ್ಲಿ ಕೂತವಳು, ಅವಳು ಎಷ್ಟು ಸಲ ಕೈ ಕೊಡವುತ್ತಾಳೆಂದು ಎಣಿಸಿದವಳು, ಅವತ್ತು ನೋಡಿದೆ. ದೀಪಾವಳಿಯಿಂದ ಅವಳ ಕೇರಿಯಲ್ಲಿ ಅಡಿಕೆ ಸುಲಿತ ಶುರುವಾಗಿತ್ತು. ಅಲ್ಲಿ ಮುಯ್ಯಿ ಪದ್ಧತಿ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಸಂಜೆ ಬಸ್ಸಿಳಿದು ನೇರ ಸುಲಿಯಲು ಕೂರುತ್ತಿದ್ದಳು. ಒಂದು ಮನೆ ತಪ್ಪಿಸಿದರೆ ಅವಳ ಅಡಿಕೆ ಸುಲಿಯಲು ಯಾರೂ ಬರುವುದಿಲ್ಲ. ಹಸಿ ಅಡಿಕೆಯ ಕಲೆ ಕೂತು ಕೂತು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳು ಕಪ್ಪಾಗಿ ತೊಗಲಿನಂತೆ ಗಟ್ಟಿಯಾಗಿದ್ದವು. ಅಂಥ ಬೆರಳನ್ನು ಆ ಪ್ಯಾಡ್‌ಗಳು ಬೆರಳೆಂದು ತಿಳಿಯುವುದಿಲ್ಲ. ಪ್ಯಾಡ್ ಒಟ್ಟುಮಾಡುವ ಮೊದಲು ನಾನು ಹನ್ನೊಂದು ವಿಡಿಯೊ ನೋಡಿದ್ದೆ. ಯಾವುದು ನುಣುಪು, ಯಾವುದು ಚುರುಕು ಎಂದು ಗಂಟೆಗಟ್ಟಲೆ ಹೇಳಿದ್ದರು. ಹನ್ನೊಂದರಲ್ಲೂ ಬೆರಳುಗಳು ಬೆಳ್ಳಗೆ, ಮೆತ್ತಗೆ ಇದ್ದವು. ನನ್ನವೂ ಹಾಗೇ. ನಾನು ಜೀವನದಲ್ಲಿ ಒಂದು ಅಡಿಕೆಯನ್ನೂ ಸುಲಿದವಳಲ್ಲ.

ಅಕ್ಕ ನಕ್ಕಳು. ನನಗೆ ಅಳು ಬಂದಿತ್ತು.

"ರೇಷನ್ ಅಂಗಡೀಲೂ ಇದೇ ಕತೆ ಮಾರಾಯ್ತಿ. ವರ್ಷಕ್ಕೆ ನಾಲ್ಕು ತಿಂಗಳು ನನ್ನ ಬೆರಳು ಸರ್ಕಾರಕ್ಕೆ ಕಾಣ್ಸಲ್ಲ. ಈಗ ನಿನ್ನ ಹಲಗೆಗೂ ಕಾಣ್ಸಲ್ಲ."

ಕಿರುಬೆರಳಿನಲ್ಲಿ ಮಾಡಿ ನೋಡಿದಳು. ಸುಲಿಯುವಾಗ ಅದಕ್ಕೆ ಕೆಲಸವಿಲ್ಲ, ಆದ್ದರಿಂದ ಮೆತ್ತಗಿತ್ತು. ಬಾಣ ಓಡಿತು, ಆದರೆ ಆ ಬೆರಳಿಗೆ ಹಿಡಿತವಿಲ್ಲ. ಐವತ್ತಕ್ಕೆ ಹನ್ನೆರಡು. ಆ ವಾರ ಒಂದು ಮದುವೆ ಕಾಗದಕ್ಕೆ ಅವಳಿಗೆ ತೊಂಬತ್ತೈದು ನಿಮಿಷ ಹಿಡಿಯಿತು. ಮೌಸಿನಲ್ಲಿ, ನೋವಿನ ಜೊತೆಗೆ, ಮೂವತ್ತೆಂಟು ನಿಮಿಷ ಸಾಕಾಗುತ್ತಿತ್ತು. ಇದನ್ನೂ ಅದೇ ಹಾಳೆಯ ಕೆಳಗೆ ಬರೆದೆ. ಹಾಳೆ ತುಂಬಿತು.

ಮರುವಾರ ಗುರುವಾರ, ಹನ್ನೊಂದು ಇಪ್ಪತ್ತಕ್ಕೆ, ಅಕ್ಕನಿಗೆ ಸಿಟ್ಟು ಬಂತು. ಬಾಗಿಲು ಬಡಿಯುವ ಹಾಗೆ ಮುಷ್ಟಿ ಮಡಿಸಿ ನಡುಬೆರಳಿನ ಗೆಣ್ಣಿನಿಂದ ಪ್ಲಾಸ್ಟಿಕ್ ಪ್ಯಾಡಿಗೆ ಒಂದು ಕೊಟ್ಟಳು. ಬಾಣ ಹಾರಿ ಪರದೆಯ ಆಚೆ ಮೂಲೆಗೆ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗೆಣ್ಣಿನ ಮೇಲಿನ ಚರ್ಮಕ್ಕೆ ಕಲೆ ಕೂತಿರಲಿಲ್ಲ. ಅವಳು ಗೆಣ್ಣನ್ನು ಮೆಲ್ಲಗೆ ಇಟ್ಟು ಎಳೆದಳು. ಬಾಣ ಬಂತು.

ಅಲ್ಲಿಂದ ನನ್ನ ತೀರ್ಮಾನವೆಲ್ಲ ತಲೆಕೆಳಗಾಯಿತು. ಗಾಜಿನದರಲ್ಲಿ ಮುಷ್ಟಿಯ ಬೇರೆ ಭಾಗವೂ ತಾಗಿ ಬಾಣ ಹುಚ್ಚು ಹುಚ್ಚಾಗಿ ಕುಣಿಯುತ್ತಿತ್ತು. ಅಷ್ಟು ಅಗಲ ಅವಳಿಗೆ ಬೇಡವಾಗಿತ್ತು. ನಾನು ಕೊನೆಗೆ ಇಟ್ಟಿದ್ದ ಆ ಪುಟ್ಟ ಪ್ಲಾಸ್ಟಿಕಿನದರ ಎತ್ತರದ ಅಂಚು ಗೆಣ್ಣಿಗೆ ದಾರಿ ತೋರಿಸುತ್ತಿತ್ತು, ತರಿತರಿ ಮೇಲ್ಮೈಯಲ್ಲಿ ಗೆಣ್ಣು ಜಾರುತ್ತಿರಲಿಲ್ಲ. ಕೆಳಗಿನ ಗುಂಡಿಗಳನ್ನು ಎಡಗೈಯಿಂದ ಒತ್ತಿ ಹಿಡಿದು, ಬಲಗೈಯಿಂದ ಎಳೆದರೆ ಪ್ಯಾರಾ ಹೇಳಿದಲ್ಲಿಗೆ ಹೋಗುತ್ತಿತ್ತು. ಮುಷ್ಟಿ ನೆಟ್ಟಗೆ, ಮಣಿಕಟ್ಟು ನೆಟ್ಟಗೆ, ಅಲುಗುವುದು ತೋಳು. ಆ ದಿನ ಸಂಜೆ ಐದು ಗಂಟೆಯವರೆಗೆ ಅವಳು ಕೈ ಕೊಡವಿದ್ದು ಮೂರು ಸಲ.

ಗಿರಾಕಿಗಳಿಗೆ ಹಾಸ್ಯವಾಯಿತು. ಸ್ಟೂಲಿನಲ್ಲಿ ಕೂತ ಒಬ್ಬರು, ಅಕ್ಕಾ, ಬಾಗಿಲು ಬಡೀತಿದೀಯಲ್ಲ, ಒಳಗೆ ಯಾರಿದಾರೆ ಎಂದು ಕೇಳಿದರು. ನಿಮ್ಮ ಹೆಂಡ್ತಿ ಇದಾಳೆ, ಯಾವಾಗ ಬರ್ತೀರಿ ಅಂತ ಕೇಳ್ತಿದಾಳೆ ಎಂದಳು ಇವಳು. ಅಂಗಡಿಯಲ್ಲಿ ಎಲ್ಲರೂ ನಕ್ಕರು. ಮಾಲೀಕರು ನಗಲಿಲ್ಲ. ನೋಡಕ್ಕೆ ಚಂದ ಕಾಣಲ್ಲ, ಬಂದವರು ಏನಂದುಕೊಳ್ಳುತ್ತಾರೆ ಎಂದು ನನ್ನ ಹತ್ತಿರ ಹೇಳಿದರು. ಹದಿನಾರು ವರ್ಷ ಅವಳ ಕೈ ಸವೆದದ್ದು ಅವರ ಕಣ್ಣಿಗೆ ಕಂಡಿರಲಿಲ್ಲ, ಗೆಣ್ಣು ಮಾತ್ರ ಕಂಡಿತು.

ಗೆಣ್ಣಿನಿಂದ ಶುರುಮಾಡಿದ ಎರಡನೇ ವಾರ ಒಂದು ಮದುವೆ ಕಾಗದಕ್ಕೆ ಅರವತ್ತೊಂದು ನಿಮಿಷ. ಮೂರನೇ ವಾರ ನಲವತ್ತನಾಲ್ಕು. ಡಿಸೆಂಬರ್ ಎರಡನೇ ವಾರ ಮೂವತ್ತಾರು. ಮೌಸಿಗಿಂತ ಎರಡು ನಿಮಿಷ ಕಡಿಮೆ. ಅವತ್ತು ಸಂಜೆ ಅಕ್ಕ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಪುಟದ ಅಂಚನ್ನು ಕೀಬೋರ್ಡಿನಲ್ಲೇ ಸರಿಮಾಡುವುದು ಹೇಗೆಂದು ತೋರಿಸಿದಳು. ನಾನು ಬಾಯಿಬಿಟ್ಟು ಕೇಳದೆಯೇ ಅವಳು ಕಲಿಸಿದ ಮೊದಲ ಪಾಠ ಅದು.

ಈ ಅಂಕಿಗಳನ್ನು ಎರಡನೇ ಹಾಳೆಗೆ ಬರೆಯುತ್ತಿದ್ದೆ. ಅದು ಅರ್ಧ ತುಂಬಿತ್ತು.

ಧನುರ್ಮಾಸ ಕಳೆದ ಮೇಲಿನ ಮದುವೆಗಳ ಕಾಗದ ಬರುವ ಹೊತ್ತು. ಆ ಶುಕ್ರವಾರ ಮಾಲೀಕರು ಬಂದು, ನೀನೇನೋ ದಾಖಲೆ ಇಟ್ಟಿದ್ದೀಯಂತಲ್ಲಮ್ಮ, ಕೊಡು ನೋಡೋಣ, ಬೇಕಾದರೆ ಇನ್ನೊಂದು ಪ್ಯಾಡ್ ತರಿಸೋಣ ಎಂದರು. ನನಗೆ ಹೆಮ್ಮೆಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ದಿನಚರಿಯಲ್ಲಿ ಹಾಗೇ ಇದೆ: 'ಕೇಳಿದರು. ಖುಷಿ.' ಹಾಳೆ ತುಂಬದೆ ಯಾರಿಗೂ ಕೊಡುವುದಿಲ್ಲ ಎಂಬುದು ನನ್ನ ನಿಯಮ. ಆದ್ದರಿಂದ ಮೊದಲ ಹಾಳೆಯನ್ನು ಮಾತ್ರ ಕೊಟ್ಟೆ. ಎರಡನೆಯದನ್ನು ಮುಂದಿನ ವಾರ ತುಂಬಿಸಿ ಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿದರು.

ಶನಿವಾರ ಸಂಜೆ ಆರಕ್ಕೆ, ಶಟರ್ ಅರ್ಧ ಇಳಿಸಿ, ಅಕ್ಕನನ್ನು ಕರೆದು ಆ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಮೌಸ್ ಮೂವತ್ತೆಂಟು. ಪ್ಯಾಡ್ ತೊಂಬತ್ತೈದು.

"ನಾನು ಹೇಳ್ತಿಲ್ಲಮ್ಮ, ಲೆಕ್ಕ ಹೇಳ್ತಿದೆ. ಸೋಮವಾರದಿಂದ ಮನೇಲಿ ಆರಾಮ ಮಾಡು."

ನಾನು ಎರಡನೇ ಹಾಳೆಯನ್ನು ಬ್ಯಾಗಿನಿಂದ ತೆಗೆಯಲು ಹೊರಟೆ. ಜಿಪ್ ಸಿಕ್ಕಿಕೊಂಡಿತು. ಅಷ್ಟರಲ್ಲಿ ಅಕ್ಕ ಹಾಳೆಯನ್ನು ಎತ್ತಿಕೊಂಡು ಮೇಲಿಂದ ಕೆಳಗೆ ಓದಿದ್ದಳು. ಅವಳು ಒಂದು ಅಕ್ಷರವೂ ತಪ್ಪಿಹೋಗದ ಹಾಗೆ ಓದುತ್ತಾಳೆ, ಗಡಿಬಿಡಿ ಇಲ್ಲದೆ. ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

"ಅಕ್ಷರ ಚಂದ ಬರೀತೀಯ" ಎಂದಳು.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟದ ಡಬ್ಬಿ, ಕೊಡೆ ತೆಗೆದುಕೊಂಡು ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದಳು.

ಸೋಮವಾರ ಎರಡನೇ ಹಾಳೆಯನ್ನು ಮಾಲೀಕರ ಮುಂದೆ ಇಟ್ಟು ಮೂವತ್ತಾರು ಎಂಬ ಅಂಕಿ ತೋರಿಸಿದೆ. ಅವರು ಮೊಬೈಲಿನಿಂದ ತಲೆ ಎತ್ತದೆ, ತೀರ್ಮಾನ ಆಗಿದೆಯಮ್ಮ, ನೀನು ಕಿಟಕಿ ಪಕ್ಕದ ಕುರ್ಚಿಗೆ ಹೋಗು, ಅಲ್ಲಿ ಗಾಳಿ ಚೆನ್ನಾಗಿದೆ ಎಂದರು. ಅವರಿಗೆ ಮೂವತ್ತಾರೂ ಬೇಕಿರಲಿಲ್ಲ, ತೊಂಬತ್ತೈದೂ ಬೇಕಿರಲಿಲ್ಲ. ಒಂದು ನೆಪ ಬೇಕಿತ್ತು. ಅದನ್ನು ನಾನು ಗೆರೆ ಎಳೆದು, ಖಾನೆ ಮಾಡಿ, ಕೈಯಲ್ಲಿ ಇಟ್ಟಿದ್ದೆ.

ಹತ್ತು ಗಂಟೆಗೆ ಆ ಕುರ್ಚಿಯಲ್ಲಿ ಕೂತೆ. ಕೂತೆ ಎಂದೇ ಬರೆಯುತ್ತೇನೆ. ಕೂರಿಸಿದರು ಎಂದು ಬರೆದರೆ ಪುಸ್ತಿಕೆಯ ಸಾಲಿಗೂ ಇದಕ್ಕೂ ವ್ಯತ್ಯಾಸ ಇರುವುದಿಲ್ಲ. ಆಮೇಲಿನ ವಾರಗಳಲ್ಲಿ ಮೂರು ಸಲ ಸಂಜೆ ನಿಟ್ಟೂರಿನ ಬಸ್ಸಿನ ಹತ್ತಿರ ಹೋದೆ, ಅವಳ ಮನೆಗೆ ಹೋಗಬೇಕೆಂದು. ಮೂರು ಸಲವೂ ಸಾಗರದ ಬಸ್ಸು ಹತ್ತಿದೆ. ಜನವರಿಯಲ್ಲಿ ಪುಸ್ತಿಕೆಯ ಕೆಲಸ ಬಂತು. ಸ್ವಇಚ್ಛೆಯಿಂದ ಎಂದು ಮಾಲೀಕರು ಹೇಳಿದರು, ನಾನು ಹೊಡೆದೆ.

ಫೆಬ್ರವರಿಯ ಒಂದು ಮಂಗಳವಾರ, ಹನ್ನೊಂದು ಗಂಟೆಗೆ, ಅಕ್ಕ ಒಳಗೆ ಬಂದಳು. ಮೂರ್ನಾಲ್ಕು ಜನ ಗಿರಾಕಿಗಳಿದ್ದರು. ನೇರ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ, ಗಿರಾಕಿಯ ಜಾಗದಲ್ಲಿ ಕೂತಳು. ಪುಸ್ತಿಕೆಯ ಒಂಬತ್ತನೇ ಪುಟವನ್ನು ಹರಿದು ತಂದಿದ್ದಳು. ಅದರ ಜೊತೆ ಎಡಗೈಯಲ್ಲಿ ಬರೆದ ಎರಡು ಹಾಳೆ, ಅಕ್ಷರ ಸೊಟ್ಟ ಸೊಟ್ಟ. ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ. ತನ್ನನ್ನು ಒಂದು ದಿನದ ಮುನ್ಸೂಚನೆಯೂ ಇಲ್ಲದೆ ಕೆಲಸದಿಂದ ತೆಗೆದಿದ್ದಾರೆ, ಸ್ವಇಚ್ಛೆಯಿಂದ ಬಿಟ್ಟಳೆಂದು ಸುಳ್ಳು ಅಚ್ಚು ಹಾಕಿಸಿದ್ದಾರೆ, ತನಗೆ ತನ್ನ ಕೆಲಸ ಬೇಕು.

ಮಾಲೀಕರು ಕೌಂಟರಿನಿಂದ ಎದ್ದು ಬಂದರು. ಇದನ್ನು ಇಲ್ಲೇ ತರಬೇಕಿತ್ತಾ, ಊರಲ್ಲಿ ಬೇರೆ ಅಂಗಡಿ ಇರಲಿಲ್ಲವಾ ಎಂದರು.

"ಇದಾವೆ. ಕನ್ನಡ ತಪ್ಪಿಲ್ಲದೆ ಹೊಡೆಯೋ ಅಂಗಡಿ ಇದೊಂದೇ. ನಾನೇ ಅಲ್ವಾ ಇಷ್ಟು ವರ್ಷ ಹೊಡೆದದ್ದು." ಆಮೇಲೆ ಹರಿದ ಪುಟವನ್ನು ಎತ್ತಿ ತೋರಿಸಿದಳು. "ತೆಗೆದಾಗ ಸುಮ್ನಿದ್ದೆ. ತೆಗೆಯೋದು ನಿಮ್ಮ ಕೈಲಿದೆ. ಆದ್ರೆ ಇಲ್ಲಿಂದ ತಪ್ಪು ಅಚ್ಚಾಗಿ ಹೋದ್ರೆ ನಾನು ಸುಮ್ನಿದ್ದದ್ದು ಉಂಟಾ?"

ಮಾಲೀಕರು ನನ್ನನ್ನು ನೋಡಿದರು. ಗಿರಾಕಿಗಳು ಎಲ್ಲರನ್ನೂ ನೋಡುತ್ತಿದ್ದರು. ನಾನು ಹೊಡೆಯಲು ಶುರುಮಾಡಿದೆ. ಅಕ್ಕ ಪರದೆ ನೋಡುತ್ತಾ ಕೂತಳು. ನಡುವೆ ಒಂದು ಕಡೆ, ಲೆಕ್ಕದ ವಿವರ ಲಗತ್ತಿಸಿದೆ ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದಳು. ಅಲ್ಲಿ ನಿಲ್ಲಿಸಿ ಅವಳ ಮುಖ ನೋಡಿದೆ.

"ಎರಡೂ ಹಾಳೆ ಹಾಕು. ತೊಂಬತ್ತೈದೂ ಇರ್ಲಿ. ಅದೇನು ಸುಳ್ಳಲ್ಲ."

ಎರಡೂ ಹಾಳೆ ಹಾಕಿದೆ, ಮೊದಲನೆಯದರ ಅಂಕಿಗಳು ದಿನಚರಿಯಲ್ಲಿದ್ದವು. ಎರಡನೆಯದು ಇನ್ನೂ ಅರ್ಧವೇ ತುಂಬಿತ್ತು. ಕೊನೆಯಲ್ಲಿ ಸಾಕ್ಷಿ ಎಂದು ಬರೆದು ಒಂದು ಗೆರೆ ಎಳೆದಿದ್ದಳು, ಹೆಸರಿರಲಿಲ್ಲ. ಯಾರ ಹೆಸರು ಎಂದು ನಾನು ಕೇಳಲಿಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನನ್ನ ಹೆಸರು, ಅಪ್ಪನ ಹೆಸರು, ಸಾಗರದ ವಿಳಾಸ ಹೊಡೆದೆ.

ಅರ್ಜಿ ಯಾರದೇ ಇರಲಿ, ಪ್ರಿಂಟ್ ಕೊಡುವ ಮೊದಲು ಗಿರಾಕಿಗೆ ಪೂರ್ತಿ ಓದಿ ಹೇಳಬೇಕು, ಅವರು ಸರಿ ಎನ್ನಬೇಕು. ಅದು ಅಂಗಡಿಯ ಪದ್ಧತಿ. ನಾನು ಓದತೊಡಗಿದೆ. ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಎರಡನೇ ಪ್ಯಾರಾಕ್ಕೆ ಬರುವ ಹೊತ್ತಿಗೆ ಜೆರಾಕ್ಸಿಗೆ ಬಂದಿದ್ದ ಒಬ್ಬರು ಹತ್ತಿರ ಬಂದು ನಿಂತರು. ಮಾಲೀಕರು ನನ್ನ ಬೆನ್ನ ಹಿಂದೆ ಬಂದು ಬಗ್ಗಿ, ಇನ್ನೂ ಸ್ವಲ್ಪ ಮೆಲ್ಲಗೆ ಓದಮ್ಮ, ಜನ ಇದ್ದಾರೆ ಎಂದರು.

ನಾನು ಓದುವುದು ನಿಲ್ಲಿಸಿದೆ. ಪರದೆಯನ್ನು ಮೇಲಕ್ಕೆ ಸರಿಸಿ, ಮೊದಲ ಸಾಲಿಗೆ ಹೋಗಿ, ರಸ್ತೆಗೆ ಕೇಳುವಷ್ಟು ಗಟ್ಟಿಯಾಗಿ ಮತ್ತೆ ಶುರುಮಾಡಿದೆ. ನನ್ನ ಹೆಸರಿನವರೆಗೆ ಎಲ್ಲಿಯೂ ನಿಲ್ಲಿಸಲಿಲ್ಲ.